ಮೋಟರ್‌ಹೋಮ್‌ನ ನೀರಿನ ಪಂಪಿಗೆ ಎರಡನೆಯ ಸ್ವಿಚ್: ಒಂದು ಪ್ರಕರಣ

ಅಮ್ಮ ಪ್ರತಿ ರಾತ್ರಿ ಮಲಗುವ ಮುನ್ನ ಸ್ಟೀಲಿನ ಚೊಂಬಿನಲ್ಲಿ ನೀರು ತುಂಬಿಸಿ ಬಾತ್‌ರೂಮಿನ ಮೂಲೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಿಶಿಗನ್‌ನಲ್ಲಿರುವ ಅಕ್ಕ-ಭಾವನ ಮೋಟರ್‌ಹೋಮ್‌ನಲ್ಲಿ (ಮನೆಯ ಸೌಕರ್ಯವೆಲ್ಲ ಒಳಗೇ ಇರುವ ಗಾಡಿ) ಅವರು ಹೊರಟ ಮೊದಲ ಪ್ರವಾಸ ಅದು. ಯಾಕಮ್ಮ ಎಂದು ಅಕ್ಕ ಕೇಳಿದಾಗ, "ಅಭ್ಯಾಸವಾಗಿದೆ ಬಿಡು" ಎಂದರಂತೆ. ಕಾರಣ ಅಭ್ಯಾಸವಾಗಿರಲಿಲ್ಲ. ಪಂಪಿನ ಸ್ವಿಚ್ ಇದ್ದದ್ದು ಒಲೆಯ ಮೇಲಿನ ಹುಡ್‌ನ ಪಕ್ಕ, ಅಮ್ಮನ ಕೈಗೆ ಎಟುಕದ ಎತ್ತರದಲ್ಲಿ. ಅವರು ಮಲಗುತ್ತಿದ್ದದ್ದು ಗಾಡಿಯ ಹಿಂಬದಿಯಲ್ಲಿ. ನಡುರಾತ್ರಿ ಎದ್ದರೆ ಕತ್ತಲಲ್ಲಿ ಅಡುಗೆಮನೆಯವರೆಗೆ ತಡವರಿಸಿಕೊಂಡು ಬರಬೇಕು, ಬಂದ ಮೇಲೆ ಸ್ವಿಚ್ ಹಾಕಿಕೊಡಲು ಯಾರನ್ನಾದರೂ ಎಬ್ಬಿಸಬೇಕು. "ಇದಕ್ಕೆಲ್ಲ ಅಳಿಯಂದಿರ ನಿದ್ದೆ ಕೆಡಿಸುವುದೇ" ಎಂದು ನನ್ನೊಡನೆ ಫೋನಿನಲ್ಲಿ ಹೇಳಿದ್ದರು. ಅಲ್ಲಿಂದ ಈ ಪ್ರಕರಣ ಶುರುವಾಯಿತು.

ಗಾಡಿ 28 ಅಡಿ ಉದ್ದದ್ದು, ಹಳೆಯದು, ಎರಡನೆಯ ಕೈಯಿಂದ ಕೊಂಡದ್ದು. ಚಾಲಕನ ತಲೆಯ ಮೇಲೊಂದು ಮಂಚವಿರುವ, ಅಮೆರಿಕದಲ್ಲಿ ಕ್ಲಾಸ್ ಸಿ ಎಂದು ಕರೆಯುವ ಬಗೆ. ಮುಂದೆ ಬಾಗಿಲು, ಅದರ ಎದುರು ಊಟದ ಮೇಜು, ಮೇಜಿನ ಆಸನದ ಕೆಳಗೆ 40 ಗ್ಯಾಲನ್ ನೀರಿನ ಟ್ಯಾಂಕ್ ಮತ್ತು ಪಂಪ್. 40 ಗ್ಯಾಲನ್ ಎಂದರೆ 150 ಲೀಟರ್. ನಡುವೆ ಅಡುಗೆಮನೆ, ಹಿಂದೆ ಬಾತ್‌ರೂಮು ಮತ್ತು ಹಾಸಿಗೆ.

ಈ ಪಂಪಿನ ಸ್ವಭಾವ ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಅದು ಬ್ಯಾಟರಿಯ 12 ವೋಲ್ಟ್ ಡಿಸಿಯಲ್ಲಿ ಓಡುವ ಚಿಕ್ಕ ಡಯಾಫ್ರಾಮ್ ಪಂಪ್. ನಿಮಿಷಕ್ಕೆ ಹೆಚ್ಚೆಂದರೆ 3 ಗ್ಯಾಲನ್, ಅಂದರೆ 11 ಲೀಟರ್ ನೀರು ಕೊಡುತ್ತದೆ. ಅದರ ತಲೆಯಲ್ಲೇ ಒಂದು ಪ್ರೆಶರ್ ಸ್ವಿಚ್ ಇರುತ್ತದೆ. ನಲ್ಲಿ ತೆರೆದಾಗ ಒತ್ತಡ ಇಳಿದು ಪಂಪ್ ಓಡುತ್ತದೆ, ನಲ್ಲಿ ಮುಚ್ಚಿದಾಗ ಒತ್ತಡ ಏರಿ ತಾನೇ ನಿಲ್ಲುತ್ತದೆ. ಗೋಡೆಯ ಮೇಲಿನ ಸ್ವಿಚ್ ಪಂಪನ್ನು ಓಡಿಸುವುದಿಲ್ಲ, ಓಡಲು ಅನುಮತಿ ಕೊಡುತ್ತದೆ ಅಷ್ಟೇ. ಹಾಗಾಗಿ ಸ್ವಿಚ್ ಹಾಕಿದ್ದರೂ ನಲ್ಲಿಗಳೆಲ್ಲ ಮುಚ್ಚಿದ್ದರೆ ಗಾಡಿಯಲ್ಲಿ ಸದ್ದೇ ಇರುವುದಿಲ್ಲ. ಕೊಳವೆ ಎಲ್ಲಾದರೂ ಬಿಚ್ಚಿಕೊಂಡರೆ, ಪಂಪಿಗೆ ಅದೂ ಒಂದು ತೆರೆದ ನಲ್ಲಿಯೇ. ಟ್ಯಾಂಕ್ ಬರಿದಾಗುವವರೆಗೆ ನಿಷ್ಠೆಯಿಂದ ನೀರು ತಳ್ಳುತ್ತಲೇ ಇರುತ್ತದೆ.

ನೀರಿನ ಸಂಪರ್ಕವಿರುವ ಕ್ಯಾಂಪಿನಲ್ಲಿ ನಿಂತಾಗ ಪಂಪಿನ ಮಾತೇ ಬೇಡ. ಅಲ್ಲಿನ ನಲ್ಲಿಗೆ ಪೈಪ್ ಸಿಕ್ಕಿಸಿದರೆ ಅದರ ಒತ್ತಡವೇ ಸಾಕು. ಆದರೆ ರಾಷ್ಟ್ರೀಯ ಉದ್ಯಾನಗಳ ಒಳಗಿನ ಕ್ಯಾಂಪುಗಳಲ್ಲಿ ಬಹುಪಾಲು ಕಡೆ ಆ ಸೌಲಭ್ಯವಿಲ್ಲ. ಯೆಲ್ಲೋಸ್ಟೋನ್‌ನಂಥ ದೊಡ್ಡ ಉದ್ಯಾನದಲ್ಲೇ ನೀರು, ವಿದ್ಯುತ್ತು, ಚರಂಡಿ ಮೂರೂ ಇರುವುದು ಫಿಶಿಂಗ್ ಬ್ರಿಜ್ ಎಂಬ ಒಂದೇ ಕಡೆ. ಉಳಿದೆಡೆ ಕೈ ತೊಳೆಯಲೂ, ಶೌಚದ ನಂತರ ಕಾಲಲ್ಲಿ ಪೆಡಲ್ ಒತ್ತಿ ನೀರು ಬಿಡಲೂ ಪಂಪೇ ಬೇಕು.

ಅಮ್ಮನ ಕಷ್ಟ ಕೇಳಿ ಭಾವ ಸುಮ್ಮನೆ ಕೂರಲಿಲ್ಲ. ನಮ್ಮೂರಿನ ಮನೆಗಳಲ್ಲಿ ಮೆಟ್ಟಿಲ ಕೆಳಗೊಂದು, ಮೇಲೊಂದು ಇರುವ ಟೂ ವೇ ಸ್ವಿಚ್ ಅವರ ಮನಸ್ಸಿನಲ್ಲಿತ್ತು. ಅಂಗಡಿಗೆ ಹೋಗಿ ಟೂ ವೇ ಸ್ವಿಚ್ ಕೊಡಿ ಎಂದರು. ನಾವು ಟೂ ವೇ ಎನ್ನುವುದನ್ನು ಅಮೆರಿಕದಲ್ಲಿ ಥ್ರೀ ವೇ ಎನ್ನುತ್ತಾರೆ. ವಸ್ತು ಒಂದೇ. ನಾವು ಕರೆಂಟ್ ಹೋಗಬಹುದಾದ ದಾರಿಗಳನ್ನು ಎಣಿಸುತ್ತೇವೆ, ಅವರು ಸ್ವಿಚ್ಚಿನ ಹಿಂದಿನ ತಿರುಪುಗಳನ್ನು. ಅಂಗಡಿಯವರು ಎರಡೇ ತಿರುಪಿನ ಸಾದಾ ಸ್ವಿಚ್ ಕೊಟ್ಟು ಕಳುಹಿಸಿದರು. ಮನೆಗೆ ಬಂದು ನೋಡಿದ ಭಾವ, ಇದರಲ್ಲೂ ಕೆಲಸ ಆಗುತ್ತದಲ್ಲ ಎಂದು ಹಳೆಯ ಸ್ವಿಚ್ಚಿನ ಎರಡು ತಿರುಪುಗಳಿಂದ ಸ್ಪೀಕರಿನ ತಂತಿ ಎಳೆದು ಬಾತ್‌ರೂಮಿನಲ್ಲಿ ಹೊಸದನ್ನು ಸಮಾಂತರವಾಗಿ ಜೋಡಿಸಿದರು. ಕೆಲಸ ಆಯಿತು. ಎರಡರಲ್ಲಿ ಯಾವುದನ್ನು ಹಾಕಿದರೂ ನೀರು ಬಂತು. ಅಮ್ಮನ ಚೊಂಬು ಅಡುಗೆಮನೆಗೆ ಮರಳಿತು.

ಮುಂದಿನ ಪ್ರವಾಸ ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್‌ಗೆ. ಸೀಡರ್ ಪಾಸ್ ಕ್ಯಾಂಪಿನಲ್ಲಿ ಎರಡು ರಾತ್ರಿ ತಂಗಿದರು. ಎರಡನೆಯ ರಾತ್ರಿ ಅಮ್ಮ ಬಾತ್‌ರೂಮಿನ ಸ್ವಿಚ್ ಹಾಕಿದರು, ಮರಳಿ ಆರಿಸುವುದು ಮರೆತುಹೋಯಿತು. ಬೆಳಗ್ಗೆ ಹೊರಡುವಾಗ ಭಾವ ತಮ್ಮ ಕ್ರಮದಂತೆ ಎಲ್ಲವನ್ನೂ ಪರೀಕ್ಷಿಸಿದರು. ಒಲೆಯ ಮೇಲಿನ ಪಂಪ್ ಸ್ವಿಚ್ ಆಫ್ ಇದೆಯೇ ಎಂದು ನೋಡಿದರು. ಆಫ್ ಇತ್ತು. ಹೊರಟರು.

ಉದ್ಯಾನದ ತಿರುವು ದಾರಿಯಲ್ಲಿ ಕುಲುಕಾಡಿ, ಬಾತ್‌ರೂಮಿನ ಬೇಸಿನ್ ಕೆಳಗಿನ ಪ್ಲಾಸ್ಟಿಕ್ ನಟ್ ಒಂದು ಸಡಿಲವಾಯಿತು. ಎಂಜಿನ್ ಸದ್ದಿನಲ್ಲಿ ಪಂಪಿನ ಸದ್ದು ಯಾರಿಗೂ ಕೇಳಲಿಲ್ಲ. ವಾಲ್ ಎಂಬ ಊರಿನ ಬಳಿ ಚಹಾಕ್ಕೆಂದು ನಿಲ್ಲಿಸಿ ಬಾಗಿಲು ತೆರೆದಾಗ ಮೆಟ್ಟಿಲ ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಹಿಂಬದಿಯ ಕಾರ್ಪೆಟ್ ಕಾಲಿಟ್ಟರೆ ಪಿಚಕ್ ಎನ್ನುವಷ್ಟು ನೆನೆದಿತ್ತು. ಹಾಸಿಗೆ ಕೆಳಗಿನ ಪೆಟ್ಟಿಗೆಯಲ್ಲಿದ್ದ ಬಟ್ಟೆಗಳು, ಅಕ್ಕ ಊರಿಂದ ತರಿಸಿಕೊಂಡಿದ್ದ ಹಪ್ಪಳದ ಡಬ್ಬ, ಮಗಳ ಬಣ್ಣದ ಪುಸ್ತಕ, ಎಲ್ಲವೂ ಹೋಯಿತು. ಮೂರು ದಿನ ಫ್ಯಾನ್ ಹಾಕಿ ಒಣಗಿಸಿದರೂ ಪ್ಲೈವುಡ್ ನೆಲ ಒಂದು ಕಡೆ ಉಬ್ಬಿಕೊಂಡೇ ಉಳಿಯಿತು.

ನನ್ನನ್ನು ನೋಯಿಸಿದ್ದು ಆ ನೆಲವಲ್ಲ. "ನನ್ನಿಂದಲೇ ಆಯಿತು" ಎಂದು ಅಮ್ಮ ಆ ಪ್ರವಾಸವಿಡೀ ಹೇಳುತ್ತಿದ್ದರು. ಚೊಂಬು ಮತ್ತೆ ಬಾತ್‌ರೂಮಿಗೆ ಬಂತು. 74 ವರ್ಷದ ಹೆಂಗಸು ಅರೆನಿದ್ದೆಯಲ್ಲಿ ಒಂದು ಸ್ವಿಚ್ ಆರಿಸಲು ಮರೆಯುವುದು ತಪ್ಪಲ್ಲ. ಒಂದು ಮರೆವಿಗೆ 100 ಲೀಟರ್ ನೀರು ಚೆಲ್ಲುವಂತೆ ಜೋಡಿಸಿದ ತಂತಿಯದು ತಪ್ಪು. ಇದನ್ನು ಅವರಿಗೆ ಬಾಯಲ್ಲಿ ಹೇಳಿ ನಂಬಿಸಲಾಗಲಿಲ್ಲ. ತಂತಿಯಲ್ಲೇ ತೋರಿಸಬೇಕಾಯಿತು. ಮುಂದಿನ ಶನಿವಾರ ಷಿಕಾಗೋದಿಂದ ಹೊರಟು ಅವರ ಮನೆಗೆ ಹೋದೆ.

"ಇನ್ನೊಂದು ಸ್ವಿಚ್ ಬೇಡವೇ ಬೇಡ, ತೆಗೆದುಬಿಡೋಣ" ಎಂದರು ಭಾವ.

"ಸ್ವಿಚ್ ಇರಲಿ ಭಾವ, ಅದಕ್ಕೆ ಆರಿಸಲು ಬರುತ್ತಿಲ್ಲ. ಅದನ್ನು ಸರಿಮಾಡೋಣ" ಎಂದೆ.

ಸಮಾಂತರ ಜೋಡಣೆಯ ದೋಷ ಅಲ್ಲೇ ಇದೆ. ಹಾಕುವ ಅಧಿಕಾರವನ್ನು ಅದು ಎರಡು ಕಡೆ ಕೊಡುತ್ತದೆ, ಆರಿಸುವ ಅಧಿಕಾರವನ್ನು ಎರಡೂ ಕಡೆಯಿಂದ ಕಿತ್ತುಕೊಳ್ಳುತ್ತದೆ. ಎರಡೂ ಆಫ್ ಆದರೆ ಮಾತ್ರ ಪಂಪ್ ಆಫ್. ಒಂದನ್ನು ನೋಡಿ ಇನ್ನೊಂದರ ಸ್ಥಿತಿ ಹೇಳಲು ಬರುವುದಿಲ್ಲ. ಹಳೆಯ ಸ್ವಿಚ್ಚಿನಲ್ಲಿ ಚಿಕ್ಕದೊಂದು ಸೂಚಕ ದೀಪವಿತ್ತು, ಅದು ಎಂದೋ ಸುಟ್ಟುಹೋಗಿತ್ತು. ಅದು ಪಂಪಿಗೆ ಹೋಗುವ ತಂತಿಯ ಮೇಲೇ ಕೂತಿದ್ದರಿಂದ, ಉರಿಯುವ ಸ್ಥಿತಿಯಲ್ಲಿದ್ದಿದ್ದರೆ ಸ್ವಿಚ್ ಆಫ್ ಇದ್ದರೂ ಆ ಬೆಳಗ್ಗೆ ಉರಿದು ಎಚ್ಚರಿಸುತ್ತಿತ್ತು.

ಇನ್ನೊಂದು ದೋಷವನ್ನು ಅಕ್ಕ ತನಗೆ ಗೊತ್ತಿಲ್ಲದೆಯೇ ಹೇಳಿದಳು. ಬಾತ್‌ರೂಮಿನ ಸ್ವಿಚ್ ಹಾಕಿ ಸ್ನಾನ ಮಾಡಿದರೆ ಷವರ್ ಸೊರಗುತ್ತದೆ, ಅಡುಗೆಮನೆಯದನ್ನು ಹಾಕಿದರೆ ಚೆನ್ನಾಗಿ ಬರುತ್ತದೆ ಎಂದಳು. ಮಲ್ಟಿಮೀಟರ್ ತೆಗೆದು ಪಂಪಿನ ಎರಡು ತುದಿಗೆ ಹಿಡಿದು, ಷವರ್ ಬಿಡಿಸಿ ಅಳೆದೆ. ಅಡುಗೆಮನೆಯ ಸ್ವಿಚ್ಚಿನಲ್ಲಿ 12.0 ವೋಲ್ಟ್, ಬಾತ್‌ರೂಮಿನದರಲ್ಲಿ 10.1. ಸುಮಾರು ಎರಡು ವೋಲ್ಟ್ ತಂತಿಯಲ್ಲೇ ಕರಗುತ್ತಿತ್ತು. ಲೆಕ್ಕ ಸುಲಭ. ಸ್ಪೀಕರಿನ ತಂತಿ 18 ಗೇಜಿನದು, ನಮ್ಮೂರ ಅಳತೆಯಲ್ಲಿ ಸುಮಾರು 0.8 ಚದರ ಮಿಲಿಮೀಟರ್. ಅಂಥ ತಂತಿಗೆ 1000 ಅಡಿಗೆ 6.4 ಓಮ್ ರೋಧ. ಒಲೆಯಿಂದ ಬಾತ್‌ರೂಮಿಗೆ ಗೋಡೆ-ಚಾವಣಿ ಸುತ್ತಿಕೊಂಡು 24 ಅಡಿ, ಪಂಪ್ ಮುಂಭಾಗದಲ್ಲೇ ಇರುವುದರಿಂದ ಕರೆಂಟ್ ಹೋಗಿ ಮತ್ತೆ ಬರಬೇಕು, 48 ಅಡಿ. ಅಂದರೆ 0.31 ಓಮ್. ಪಂಪ್ ಓಡುವಾಗ 6 ಆಂಪ್ ಎಳೆದರೆ 1.85 ವೋಲ್ಟ್ ನಷ್ಟ. ಮನೆಯ 230 ವೋಲ್ಟಿನಲ್ಲಿ ಎರಡು ವೋಲ್ಟ್ ಹೋದರೆ ಯಾರಿಗೂ ತಿಳಿಯುವುದಿಲ್ಲ. 12 ವೋಲ್ಟಿನಲ್ಲಿ ಅದು ಆರರಲ್ಲೊಂದು ಪಾಲು.

ಹಾಗಾದರೆ ಮೆಟ್ಟಿಲ ಸ್ವಿಚ್ಚನ್ನೇ ಸರಿಯಾಗಿ ಹಾಕಬಹುದಿತ್ತಲ್ಲ? ಭಾವ ಕೇಳಿದ್ದೂ ಇದನ್ನೇ, ಬಹಳ ಜನ ಮಾಡುವುದೂ ಇದನ್ನೇ. ಮೂರು ತಿರುಪಿನ ಎರಡು ಸ್ವಿಚ್, ನಡುವೆ ಎರಡು ಓಡಾಟದ ತಂತಿ, ಪಂಪಿಗೆ ಮರಳುವುದೊಂದು. ಎಲ್ಲಿಂದ ಬೇಕಾದರೂ ಹಾಕಬಹುದು, ಎಲ್ಲಿಂದ ಬೇಕಾದರೂ ಆರಿಸಬಹುದು. ದಪ್ಪನೆಯ 12 ಗೇಜ್ ತಂತಿ ಎಳೆದರೆ ನಷ್ಟ ಅರ್ಧ ವೋಲ್ಟಿಗೆ ಇಳಿಯುತ್ತದೆ. ಕೆಟ್ಟ ಉಪಾಯವೇನಲ್ಲ. ಆದರೂ ನಾನು ಒಪ್ಪಲಿಲ್ಲ. ಮೆಟ್ಟಿಲಿನ ದೀಪಕ್ಕೆ ಆ ಸ್ವಿಚ್ ಹೊಂದುತ್ತದೆ, ಏಕೆಂದರೆ ಹತ್ತಿದೆಯೋ ಆರಿದೆಯೋ ಎಂದು ದೀಪವೇ ಹೇಳುತ್ತದೆ. ಪಂಪ್ ಹೇಳುವುದಿಲ್ಲ. ನಲ್ಲಿ ಮುಚ್ಚಿರುವಾಗ ಆನ್ ಆಗಿರುವ ಪಂಪೂ ಮೌನ, ಆಫ್ ಆಗಿರುವ ಪಂಪೂ ಮೌನ. ಅಂಥ ಸ್ವಿಚ್ಚಿನಲ್ಲಿ ಮೇಲೆ ಎಂದರೆ ಹಾಕಿದ್ದು, ಕೆಳಗೆ ಎಂದರೆ ಆರಿಸಿದ್ದು ಎಂಬ ನಿಯಮವೂ ಇಲ್ಲ. ಕತ್ತಲಲ್ಲಿ ಆರಿಸಲೆಂದು ಒತ್ತಿದವರು ಹಾಕಿಬಿಡಬಹುದು. ಅಮ್ಮನ ಕೈಗೆ ಅಂಥದ್ದೊಂದು ಸಂಶಯದ ಗುಂಡಿ ಕೊಡಲು ನನಗೆ ಮನಸ್ಸಾಗಲಿಲ್ಲ.

ಅವರ ಕೈಗೆ ಪರಿಚಯವಿದ್ದದ್ದು ಬೇರೆ. ತಿಪಟೂರಿನ ಹತ್ತಿರದ ನಮ್ಮ ತೆಂಗಿನ ತೋಟದ ಪಂಪ್‌ಸೆಟ್ಟನ್ನು ಎಷ್ಟೋ ವರ್ಷ ಅವರೇ ನಡೆಸಿದವರು. ಸ್ಟಾರ್ಟರ್ ಡಬ್ಬದ ಮೇಲೆ ಹಸಿರು ಗುಂಡಿ, ಕೆಂಪು ಗುಂಡಿ. ಹಸಿರು ಒತ್ತಿದರೆ ಓಟ, ಕೆಂಪು ಒತ್ತಿದರೆ ನಿಲುಗಡೆ. ಎಷ್ಟು ಸಲ ಕೆಂಪು ಒತ್ತಿದರೂ ನಿಲುಗಡೆಯೇ. ಕರೆಂಟ್ ಹೋದರೆ ಸ್ಟಾರ್ಟರ್ ತಾನೇ ಬಿಡುತ್ತದೆ, ಮರಳಿ ಬಂದಾಗ ಯಾರಾದರೂ ಹೋಗಿ ಹಸಿರು ಒತ್ತುವವರೆಗೆ ಮೋಟರ್ ಓಡುವುದಿಲ್ಲ. ಒಳಗಿನ ಕಾಯಿಲ್, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗುವ ತಂತಿಯ ಸುರುಳಿ, ಸಂಪರ್ಕವನ್ನು ಒಮ್ಮೆ ಎಳೆದುಕೊಂಡ ಮೇಲೆ ತನ್ನದೇ ಸಂಪರ್ಕದ ಮೂಲಕ ತನ್ನನ್ನು ಹಿಡಿದುಕೊಂಡಿರುತ್ತದೆ. ಕೆಂಪು ಗುಂಡಿ ಆ ಹಿಡಿತವನ್ನು ಕಡಿಯುತ್ತದೆ. ಇದನ್ನೇ ಚಿಕ್ಕದಾಗಿ 12 ವೋಲ್ಟಿನಲ್ಲಿ ಕಟ್ಟಿದರಾಯಿತು ಎಂದುಕೊಂಡೆ.

ಸಾಮಾನು ಹೆಚ್ಚೇನಿಲ್ಲ. ಕಾರುಗಳಲ್ಲಿ ಬಳಸುವ 12 ವೋಲ್ಟಿನ ಒಂದು ರಿಲೇ (ಕಾಯಿಲ್ಲಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್), ಒತ್ತಿದರೆ ಕೂಡುವ ಎರಡು ಹಸಿರು ಗುಂಡಿ, ಒತ್ತಿದರೆ ಬಿಡುವ ಎರಡು ಕೆಂಪು ಗುಂಡಿ, ಎರಡು ಎಲ್‌ಇಡಿ ಸೂಚಕ ದೀಪ, ನಾಲ್ಕು ಎಳೆಯ 18 ಗೇಜ್ ಕೇಬಲ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್. ಎಲ್ಲ ಸೇರಿ 60 ಡಾಲರ್ ಒಳಗೆ. ಪಂಪಿನ ಕರೆಂಟ್ ಈಗ ಹಳೆಯ ಗಿಡ್ಡ ದಾರಿಯಲ್ಲೇ ಹೋಗುತ್ತದೆ: 10 ಆಂಪಿನ ಫ್ಯೂಸಿನಿಂದ ರಿಲೇಯ ಮೇಲೆ 30 ಎಂದು ಗುರುತಿರುವ ಪಿನ್ನಿಗೆ, 87ನೇ ಪಿನ್ನಿನಿಂದ ಪಂಪಿಗೆ. ಬಾತ್‌ರೂಮಿಗೆ ಹೋಗಿಬರುವುದು ಕಾಯಿಲ್ಲಿನ ಕರೆಂಟ್ ಮಾತ್ರ, ಒಂದು ಆಂಪಿನ ಆರರಲ್ಲೊಂದು ಪಾಲಿನಷ್ಟು. ಅಷ್ಟಕ್ಕೆ 18 ಗೇಜ್ ಧಾರಾಳ.

ಹಿಡಿತದ ದಾರಿ ಹೀಗೆ: 87ರಿಂದ ಡಯೋಡ್ ಮೂಲಕ ಅಡುಗೆಮನೆಯ ಕೆಂಪು ಗುಂಡಿಗೆ, ಅಲ್ಲಿಂದ ಬಾತ್‌ರೂಮಿನ ಕೆಂಪು ಗುಂಡಿಗೆ, ಅಲ್ಲಿಂದ ಕಾಯಿಲ್ಲಿನ ಒಂದು ತುದಿಯ 86ನೇ ಪಿನ್ನಿಗೆ. ಇನ್ನೊಂದು ತುದಿಯ 85 ನೆಗೆಟಿವ್‌ಗೆ. ಹಸಿರು ಗುಂಡಿಗಳೆರಡೂ ಫ್ಯೂಸಿನ ಪಾಸಿಟಿವ್‌ನಿಂದ ನೇರ 86ಕ್ಕೆ. ಕೆಂಪು ಗುಂಡಿಗಳು ಒಂದರ ಹಿಂದೊಂದು ಸರಣಿಯಲ್ಲಿರುವುದರಿಂದ ಯಾವುದನ್ನು ಒತ್ತಿದರೂ ಹಿಡಿತ ಕಡಿಯುತ್ತದೆ. ಕಾಲಾಂತರದಲ್ಲಿ ಆ ತಂತಿ ಎಲ್ಲಾದರೂ ತುಂಡಾದರೆ ಹಸಿರು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ನೀರು ಬರುತ್ತದೆ. ಕೆಟ್ಟರೂ ಆಫ್ ಕಡೆಗೇ ಕೆಡುತ್ತದೆ. ನನಗೆ ಇದಕ್ಕಿಂತ ಮುಖ್ಯವಾದ ಗುಣ ಬೇರೊಂದಿರಲಿಲ್ಲ.

ಡಯೋಡ್ ಏಕೆ ಎಂದು ಇಂಥದ್ದನ್ನು ಕಟ್ಟುವವರು ಕೇಳಬೇಕು. ಅದಿಲ್ಲದಿದ್ದರೆ ಹಸಿರು ಗುಂಡಿ ಒತ್ತಿದ ಕ್ಷಣ, ರಿಲೇ ಎಳೆದುಕೊಳ್ಳುವ ಮೊದಲೇ, ಕರೆಂಟ್ ಕೆಂಪು ಗುಂಡಿಗಳ ಮೂಲಕ ಹಿಮ್ಮುಖವಾಗಿ ಹರಿದು ಸಣ್ಣ ತಂತಿಯಲ್ಲೇ ಪಂಪಿಗೆ ನುಗ್ಗುತ್ತದೆ. ಸ್ಟಾರ್ಟರಿನಲ್ಲಿ ಹಿಡಿತಕ್ಕೆಂದೇ ಪ್ರತ್ಯೇಕ ಸಂಪರ್ಕವಿರುವುದರಿಂದ ಅಲ್ಲಿ ಈ ತೊಂದರೆ ಬರುವುದಿಲ್ಲ. ಇಲ್ಲಿ ಒಂದೇ ಸಂಪರ್ಕ ಎರಡೂ ಕೆಲಸ ಮಾಡುತ್ತಿದೆ, ಹಾಗಾಗಿ ಕರೆಂಟು 87ರಿಂದ ಹೊರಗೆ ಮಾತ್ರ ಬರುವಂತೆ ತಡೆ ಬೇಕು. 1 ಆಂಪಿನ ಸಾಮಾನ್ಯ ಡಯೋಡ್ ಸಾಕು.

ದೀಪಗಳನ್ನು ಜೋಡಿಸಿದ್ದು ಗುಂಡಿಗಳಿಗಲ್ಲ, 87ರ ಕಡೆಗೆ. ಯಾರು ಏನು ಒತ್ತಿದರು ಎಂಬುದನ್ನು ಬಿಟ್ಟು, ಪಂಪಿಗೆ ಕರೆಂಟ್ ಹೋಗುತ್ತಿದೆಯೇ ಎಂಬುದನ್ನು ಅವು ಹೇಳಬೇಕು.

ಬೇರೆ ಬಗೆಯ ರಿಲೇಯೂ ಇದೆ. ಒಂದೇ ಗುಂಡಿಯನ್ನು ಒಮ್ಮೆ ಒತ್ತಿದರೆ ಆನ್, ಮತ್ತೊಮ್ಮೆ ಒತ್ತಿದರೆ ಆಫ್, ನಿಂತ ಸ್ಥಿತಿಯಲ್ಲೇ ಕಚ್ಚಿಕೊಂಡಿರುತ್ತದೆ. ಅದಕ್ಕೆ ಹಿಡಿದುಕೊಂಡಿರಲು ಕರೆಂಟ್ ಬೇಡ. ನಮ್ಮದು ಆನ್ ಇರುವಷ್ಟು ಹೊತ್ತೂ ಸುಮಾರು 150 ಮಿಲಿಆಂಪ್ ತಿನ್ನುತ್ತದೆ, ದಿನವಿಡೀ ಬಿಟ್ಟರೆ 3.6 ಆಂಪ್-ಅವರ್. ಸೌರಫಲಕವಿರುವ ಗಾಡಿಗೆ ಇದು ಭಾರವಲ್ಲ. ಅದಕ್ಕೆ ಬದಲಾಗಿ, ಬ್ಯಾಟರಿಯ ಮುಖ್ಯ ಸ್ವಿಚ್ ಒಮ್ಮೆ ಆರಿಸಿದರೆ ಪಂಪ್ ಆಫ್, ಮತ್ತೆ ಹಾಕಿದಾಗಲೂ ಆಫ್ ಆಗಿಯೇ ಉಳಿಯುತ್ತದೆ.

ಎಂಜಿನ್ ಶುರುವಾದೊಡನೆ ಪಂಪ್ ತಾನೇ ಆಫ್ ಆಗುವಂತೆ ಇನ್ನೊಂದು ರಿಲೇ ಸೇರಿಸಬೇಕೆಂಬುದು ನನ್ನ ಆಸೆಯಾಗಿತ್ತು. ಅಕ್ಕ ಬೇಡವೆಂದಳು. ಬಿಸಿಲಲ್ಲಿ ರಸ್ತೆ ಬದಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟುಕೊಂಡೇ ಮಗುವನ್ನು ಬಾತ್‌ರೂಮಿಗೆ ಕರೆದೊಯ್ಯುವವಳು ಅವಳು. ಅವಳ ಮಾತೇ ಸರಿ ಎನಿಸಿತು. ಅಡುಗೆಮನೆಯ ಕಡೆಯ ದೀಪವನ್ನು ಹುಡ್‌ನ ಪಕ್ಕದಿಂದ ತೆಗೆದು ಬಾಗಿಲ ಚೌಕಟ್ಟಿಗೆ, ಹತ್ತಿ ಇಳಿಯುವ ಎಲ್ಲರ ಕಣ್ಣಿಗೂ ಬೀಳುವ ಕಡೆ ಇಟ್ಟೆವು.

ಕೆಲಸಕ್ಕೆ ಕೈ ಹಾಕುವ ಮುನ್ನ ಹೊರಗಿನ ವಿದ್ಯುತ್ ಸಂಪರ್ಕ ಕಿತ್ತೆವು, ಸೌರಫಲಕದ ಫ್ಯೂಸ್ ತೆಗೆದೆವು, ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದೆವು. 12 ವೋಲ್ಟ್ ಷಾಕ್ ಹೊಡೆಯುವುದಿಲ್ಲ ನಿಜ, ಆದರೆ ಬ್ಯಾಟರಿಯ ಎರಡು ತುದಿ ತಾಗಿದರೆ ನೂರಾರು ಆಂಪ್ ಹರಿದು ತಂತಿ ಕೆಂಡವಾಗುತ್ತದೆ, ಸುತ್ತ ಇರುವುದೆಲ್ಲ ಮರ ಮತ್ತು ಫೋಮ್. ಬಣ್ಣ ನೋಡಿ ತಂತಿ ನಂಬುವಂತಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಊರಲ್ಲಿ ವೈರಿಂಗ್ ನೋಡಿ ಬೆಳೆದವರಿಗೆ ಕಪ್ಪು ಎಂದರೆ ನ್ಯೂಟ್ರಲ್. ಈ ಗಾಡಿಯಲ್ಲಿ ಬಿಳಿಯದು ನೆಗೆಟಿವ್, ಕೆಲವು ಕಡೆ ಕಪ್ಪೇ ಪಾಸಿಟಿವ್. ಭಾವ ಒಂದು ಕಪ್ಪು ತಂತಿಯನ್ನು ನೆಗೆಟಿವ್ ಗೊಂಚಲಿಗೆ ಸೇರಿಸಲಿದ್ದರು. ಮೀಟರ್ ಇಟ್ಟು ನೋಡಿದ್ದರಿಂದ ತಪ್ಪಿತು.

ಕೇಬಲ್ಲನ್ನು ಮೇಲಿನ ಕಪಾಟುಗಳ ಹಿಂದಿನ ಸಂದಿಯಲ್ಲಿ, ಮೊದಲೇ ಇದ್ದ ತಂತಿಗಳ ಜೊತೆ ಎಳೆದೆವು. ಲೋಹದ ಅಂಚು ದಾಟುವ ಎರಡು ಕಡೆ ರಬ್ಬರ್ ಗ್ರಾಮೆಟ್ ಹಾಕಿದೆವು. ಮನೆಯಲ್ಲಿ ಮಾಡುವಂತೆ ತಂತಿ ಹೆಣೆದು ಟೇಪ್ ಸುತ್ತಿದರೆ, ಸದಾ ಕುಲುಕುವ ಗಾಡಿಯಲ್ಲಿ ಅದು ಬಾಳುವುದಿಲ್ಲ. ಪ್ರತಿ ಜೋಡಣೆಯನ್ನೂ ಲಗ್ ಹಾಕಿ ಕ್ರಿಂಪ್ ಮಾಡಿ, ಕೈಯಲ್ಲಿ ಜಗ್ಗಿ ನೋಡಿದೆ. ಎರಡು ಜಗ್ಗಿಗೆ ಕಿತ್ತು ಬಂದವು, ಮತ್ತೆ ಮಾಡಿದೆ.

ಗುಂಡಿಗಳ ಜಾಗವನ್ನು ಅಮ್ಮನಿಂದಲೇ ಆರಿಸಿಸಿದೆ. ಹಾಸಿಗೆಯಿಂದ ಎದ್ದು, ಕಣ್ಣು ಮುಚ್ಚಿಕೊಂಡು ಬಾತ್‌ರೂಮಿನ ಬಾಗಿಲಿಗೆ ಬರಲು ಹೇಳಿ, ಅವರ ಬಲಗೈ ಗೋಡೆಯ ಮೇಲೆ ಎಲ್ಲಿ ಊರಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿದೆ. ನೆಲದಿಂದ 38 ಅಂಗುಲ, ಷವರ್ ನೀರು ಸಿಡಿಯದ ಮಗ್ಗುಲು. ಹಸಿರು ಮೇಲೆ, ಕೆಂಪು ಕೆಳಗೆ. ಬೆರಳಿಗೆ ಗೊತ್ತಾಗಲೆಂದು ಉಬ್ಬಿದ ತಲೆಯ ಗುಂಡಿ ಕೆಂಪಿಗೆ, ಸಮತಟ್ಟಾದದ್ದು ಹಸಿರಿಗೆ. ದೀಪ ಹಳದಿ, ರಾತ್ರಿ ಕಣ್ಣಿಗೆ ಕುಕ್ಕದಷ್ಟು ಮಂದ.

ಬ್ಯಾಟರಿ ಕೂಡಿಸಿ ಅಳೆದಾಗ ಎರಡೂ ಕಡೆಯಿಂದ ಹಾಕಿದರೂ ಪಂಪಿನ ತುದಿಯಲ್ಲಿ 12.1 ವೋಲ್ಟ್. ಷವರ್ ಒಂದೇ ರಭಸ. ಆ ಬೇಸಿನ್ ಕೆಳಗಿನ ನಟ್ಟನ್ನೂ ಹೊಸ ವಾಷರ್ ಹಾಕಿ ಬಿಗಿದೆವು.

ಅಮ್ಮ ಹಸಿರು ಒತ್ತಿದರು, ನಲ್ಲಿ ಬಿಟ್ಟರು, ಮುಚ್ಚಿದರು, ಕೆಂಪು ಒತ್ತಿದರು. ಆರಿದ ದೀಪವನ್ನು ಸ್ವಲ್ಪ ಹೊತ್ತು ನೋಡಿದರು. "ತೋಟದ ಸ್ಟಾರ್ಟರೇ ಇದು" ಎಂದರು. ಮತ್ತೊಮ್ಮೆ ಕೆಂಪು ಒತ್ತಿ ನೋಡಿದರು. ಏನೂ ಆಗಲಿಲ್ಲ. "ಹಾಗಾದರೆ ಅವತ್ತು ನಾನು ಮರೆತಿದ್ದರೂ, ಅಳಿಯಂದಿರು ಅಲ್ಲಿಂದ ಇದನ್ನು ಒತ್ತಿದ್ದರೆ ನಿಲ್ಲುತ್ತಿತ್ತು ಅಲ್ಲವೇ?" ಎಂದು ಕೇಳಿದರು. ಹೌದಮ್ಮ, ನಿಲ್ಲುತ್ತಿತ್ತು ಎಂದೆ.

ಎರಡು ತಿಂಗಳ ನಂತರ ಅವರೆಲ್ಲ ಮತ್ತೆ ಹೊರಟರು. ಎರಡನೆಯ ದಿನ ಬೆಳಗ್ಗೆ ಅಮ್ಮ ಭಾವನಿಗೆ ಹೇಳಿದರಂತೆ, "ರಾತ್ರಿ ದೀಪ ಹತ್ತಿತ್ತು, ಯಾರೂ ನಲ್ಲಿ ಬಿಟ್ಟಿರಲಿಲ್ಲ, ಆದರೂ ಮೋಟರು ಎರಡು ಸಲ ಗುರ್ ಎಂದು ನಿಂತಿತು. ನಾನು ಕೆಂಪು ಒತ್ತಿ ಮಲಗಿದೆ." ನಲ್ಲಿ ತೆರೆಯದೆ ಪಂಪ್ ಆಗಾಗ ಎದ್ದು ಕೂಗಿದರೆ ಒತ್ತಡ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಭಾವ ಒಂದೊಂದೇ ಕೊಳವೆ ಮುಟ್ಟಿ ನೋಡುತ್ತಾ ಹೋದರು. ಗಾಡಿಯ ಹೊರಮೈಯಲ್ಲಿ ಕಾಲು ತೊಳೆಯಲೆಂದು ಇರುವ ನಲ್ಲಿ ಹನಿಯುತ್ತಿತ್ತು. ವಾಷರ್ ಬದಲಿಸಿದರು.